ಒಂದೇ ಬಿಲ್ಲಿಗೆ ಎರಡು ಪಾವತಿ: ಡೇಟಾಬೇಸ್ ಕೀಗಳ ಪರಿಶೀಲನೆ

ಖರೀದಿ ಬಿಲ್ಲೊಂದು ಲೆಕ್ಕದಲ್ಲಿ ಎರಡು ಬಾರಿ ದಾಖಲಾದರೆ ಅದರ ಹಣವೂ ಎರಡು ಬಾರಿ ಪಾವತಿಯಾಗುವ ಅಪಾಯವುಂಟು. ಗಣಕೀಕೃತ ಲೆಕ್ಕಪತ್ರಗಳಲ್ಲಿ ಇದನ್ನು ತಡೆಯುವ ಮೊದಲ ಕಾವಲು ಪ್ರೈಮರಿ ಕೀ ಮತ್ತು ಯೂನಿಕ್ ಕೀ. ಇವು ಯಾವ ಕೋಷ್ಟಕದಲ್ಲಿ, ಯಾವ ಅಂಕಣಗಳ ಮೇಲೆ ಇವೆ ಎಂಬುದನ್ನು ಡೇಟಾಬೇಸಿನ ಕ್ಯಾಟಲಾಗ್, ಅಂದರೆ ಅದರ ಆಂತರಿಕ ವಿವರಪಟ್ಟಿ, ತಿಳಿಸುತ್ತದೆ. ಆದರೆ ಕೇಳುವ ಕ್ವೆರಿ ದೋಷಪೂರಿತವಾಗಿದ್ದರೆ ದೊರೆಯುವ ಉತ್ತರವೂ ದಾರಿ ತಪ್ಪಿಸುತ್ತದೆ. ಒರಾಕಲ್ ಡೇಟಾಬೇಸಿನಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕುಗಳನ್ನು ಇಲ್ಲಿ ವಿವರಿಸಲಾಗಿದೆ.

1. ಉತ್ತರವೇ ಬಾರದಿದ್ದಾಗ

ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಕೀ ಇಲ್ಲವೆಂದು ತೀರ್ಮಾನಿಸಬಾರದು. ಉದ್ಧರಣ ಚಿಹ್ನೆಯಿಲ್ಲದೆ ಕೊಟ್ಟ ಕೋಷ್ಟಕದ ಹೆಸರನ್ನು ಒರಾಕಲ್ ದೊಡ್ಡ ಅಕ್ಷರಗಳಲ್ಲಿ ಇರಿಸಿಕೊಳ್ಳುತ್ತದೆ. ಸಣ್ಣ ಅಕ್ಷರಗಳಲ್ಲಿ ಹುಡುಕಿದರೆ ಅದು ಸಿಗದು. ಅಲ್ಲದೆ 'ಯೂಸರ್_ಕನ್‌ಸ್ಟ್ರೇಂಟ್ಸ್' ಬಳಕೆದಾರನ ಸ್ವಂತ ಕೋಷ್ಟಕಗಳನ್ನು ಮಾತ್ರ ತೋರಿಸುತ್ತದೆ. ಪರಿಶೋಧಕರಿಗೆ ಪ್ರತ್ಯೇಕ ಲಾಗಿನ್ ನೀಡಿದ್ದಲ್ಲಿ 'ಆಲ್_ಕನ್‌ಸ್ಟ್ರೇಂಟ್ಸ್' ನೋಡಬೇಕು. ಅದರಲ್ಲಿಯೂ ಆ ಲಾಗಿನ್ನಿಗೆ ಅನುಮತಿಯಿರುವ ಕೋಷ್ಟಕಗಳಷ್ಟೇ ಕಾಣುತ್ತವೆ. ಪ್ರೈಮರಿ ಕೀಗೆ 'ಪಿ', ಯೂನಿಕ್ ಕೀಗೆ 'ಯು' ಸಂಕೇತವಿರುತ್ತದೆ.

2. ಜಂಟಿ ಕೀ ಬಿಡಿಯಾಗಿ ಕಂಡಾಗ

ಸರಬರಾಜುದಾರರ ಸಂಕೇತ, ಬಿಲ್ ಸಂಖ್ಯೆ, ಆರ್ಥಿಕ ವರ್ಷ ಈ ಮೂರೂ ಸೇರಿ ಒಂದು ಯೂನಿಕ್ ಕೀ ಆಗಿದೆಯೆಂದು ಭಾವಿಸೋಣ. ಕ್ಯಾಟಲಾಗ್ ಇದನ್ನು ಮೂರು ಸಾಲುಗಳಾಗಿ ತೋರಿಸುತ್ತದೆ. ಅವಸರದಲ್ಲಿ ಓದಿದವರಿಗೆ ಬಿಲ್ ಸಂಖ್ಯೆಯೊಂದೇ ಪುನರಾವರ್ತನೆಯಾಗದೆಂಬ ಭ್ರಮೆ ಉಂಟಾಗುತ್ತದೆ. ವಾಸ್ತವದಲ್ಲಿ ಇಬ್ಬರು ಸರಬರಾಜುದಾರರು 101ನೇ ಸಂಖ್ಯೆಯ ಬಿಲ್ ಕೊಡಬಹುದು. 2017ರ ಕೇಂದ್ರ ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮವೂ ಸರಬರಾಜುದಾರರ ಬಿಲ್ ಸಂಖ್ಯೆ ಆಯಾ ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಬಾರದು ಎಂದಷ್ಟೇ ಹೇಳುತ್ತದೆ. ಆದ್ದರಿಂದ ಸಾಲುಗಳನ್ನು ಕೀಯ ಹೆಸರಿನಂತೆ ಒಗ್ಗೂಡಿಸಿ, 'ಪೊಸಿಷನ್' ಕ್ರಮದಲ್ಲಿ ಓದಬೇಕು.

ಎರಡು ಪಟ್ಟಿಗಳನ್ನು ಜೋಡಿಸುವಾಗ ಕೀಯ ಹೆಸರಿನೊಡನೆ ಮಾಲೀಕನ ಹೆಸರನ್ನೂ ಹೊಂದಿಸಬೇಕು. ಪ್ರತಿ ಶಾಖೆಯ ಲೆಕ್ಕ ಬೇರೆ ಬೇರೆ ಸ್ಕೀಮಾದಲ್ಲಿದ್ದರೆ, ಒಂದೇ ಹೆಸರಿನ ಕೀಗಳು ಕಲಸಿಹೋಗುತ್ತವೆ.

3. ಕೀ ಇದ್ದೂ ಕೆಲಸ ಮಾಡದಿದ್ದಾಗ

ಹಳೆಯ ಲೆಕ್ಕವನ್ನು ವರ್ಗಾಯಿಸುವಾಗ ವೇಗಕ್ಕಾಗಿ ಕೀಗಳನ್ನು ನಿಷ್ಕ್ರಿಯಗೊಳಿಸಿ, ಬಳಿಕ ಮರೆಯುವುದುಂಟು. ಹೀಗಿದ್ದರೂ ಕೀಯ ಹೆಸರು ಪಟ್ಟಿಯಲ್ಲಿ ಉಳಿದೇ ಇರುತ್ತದೆ. 'ಸ್ಟೇಟಸ್' ಅಂಕಣ 'ಡಿಸೇಬಲ್ಡ್' ಎಂದಿದ್ದರೆ ಕಾವಲುಗಾರ ನಿದ್ರಿಸುತ್ತಿದ್ದಾನೆಂದೇ ಅರ್ಥ. 'ವ್ಯಾಲಿಡೇಟೆಡ್' ಅಂಕಣ 'ನಾಟ್ ವ್ಯಾಲಿಡೇಟೆಡ್' ಎಂದಿದ್ದರೆ, ಹಳೆಯ ದಾಖಲೆಗಳು ಪರೀಕ್ಷೆಗೆ ಒಳಪಟ್ಟಿವೆಯೆಂದು ನಂಬುವಂತಿಲ್ಲ. ಪ್ರತಿಯಾಗಿ, ಕೇವಲ ಯೂನಿಕ್ ಇಂಡೆಕ್ಸ್ ರಚಿಸಿದ್ದಲ್ಲಿ ರಕ್ಷಣೆಯಿದ್ದರೂ ಅದು ಈ ಪಟ್ಟಿಯಲ್ಲಿ ಕಾಣದು, 'ಆಲ್_ಇಂಡೆಕ್ಸಸ್' ನೋಡಬೇಕು.

4. ಕೊನೆಯ ಪರೀಕ್ಷೆ

ಕ್ಯಾಟಲಾಗ್ ಏನೇ ಹೇಳಲಿ, ಮೇಲಿನ ಮೂರು ಅಂಕಣಗಳಂತೆ ದಾಖಲೆಗಳನ್ನು ಗುಂಪುಗೂಡಿಸಿ, ಒಂದಕ್ಕಿಂತ ಹೆಚ್ಚು ಸಾಲುಗಳಿರುವ ಗುಂಪುಗಳನ್ನು ತೆಗೆದು ನೋಡುವುದು ಕ್ಷೇಮ. ಅಕ್ಷರರೂಪದ ಅಂಕಣದಲ್ಲಿ '101' ಮತ್ತು '0101' ಬೇರೆ ಬೇರೆ ಸಂಖ್ಯೆಗಳೇ. ಇಂಥ ಪುನರಾವರ್ತನೆಯನ್ನು ಯಾವ ಕೀ ಕೂಡ ತಡೆಯಲಾರದು. ಆದುದರಿಂದ ಒಂದೇ ಸರಬರಾಜುದಾರರ ಸಮಾನ ಮೊತ್ತದ ಬಿಲ್ಲುಗಳನ್ನು ಮೂಲ ಬಿಲ್ಲಿನೊಡನೆ ತಾಳೆ ನೋಡುವ ಹಳೆಯ ಪದ್ಧತಿಯನ್ನು ಕೈಬಿಡಲಾಗದು.