ಒಂದೇ ಪೌಡರ್, ಎರಡು ದೇಶ



ಮಳೆ ಚೆನ್ನಾಗಿ ಆದ ವರ್ಷ ಹಸಿರು ಮೇವಿಗೆ ಬರವಿಲ್ಲ. ಹಸುಗಳು ಎರಡು ಲೀಟರ್ ಜಾಸ್ತಿಯೇ ಕೊಡುತ್ತವೆ, ಬೆಳಿಗ್ಗೆ ಸಂಘದ ಮುಂದೆ ಕ್ಯಾನುಗಳ ಸಾಲು ಉದ್ದವಾಗುತ್ತದೆ. ಆದರೆ ಕೆಲವು ಸಲ ಅದೇ ಹೊತ್ತಿಗೆ ಹಾಲಿನ ದರ ಇಳಿದಿದೆ ಎಂಬ ಸುದ್ದಿಯೂ ಬರುತ್ತದೆ. "ಹಿಂಡಿ, ಬೂಸಾ ರೇಟು ಇಳಿದಿಲ್ಲ, ಹಾಲಿಗೆ ಮಾತ್ರ ಯಾಕೆ?" ಎಂದು ಕೇಳಿದರೆ ಕಾರ್ಯದರ್ಶಿ, "ಪೌಡರ್ ರೇಟು ಬಿದ್ದಿದೆ ಅಮ್ಮಾ" ಎನ್ನುತ್ತಾರೆ. ಈ ಉತ್ತರದ ಹಿಂದೆ ದೊಡ್ಡ ಕಥೆಯೇ ಇದೆ. ಜಾಗತೀಕರಣ ಎಂಬ ಮಾತು ಭಾಷಣದಲ್ಲಿ ಕೇಳಿರುತ್ತೀರಿ. ಅದು ನಮ್ಮ ಕೊಟ್ಟಿಗೆಗೆ ಬರುವುದು ಈ ಪೌಡರಿನ ದಾರಿಯಲ್ಲೇ.

ನೀವು ಹಾಕಿದ ಹಾಲಿನಲ್ಲಿ ಪ್ಯಾಕೆಟ್ ಆಗಿ, ಮೊಸರಾಗಿ ಮಾರಾಟವಾಗದೆ ಉಳಿದದ್ದನ್ನು ಒಕ್ಕೂಟ ಬೆಣ್ಣೆ ಮತ್ತು ಪೌಡರ್ ಮಾಡಿಸುತ್ತದೆ. ಹಾಲನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಪೌಡರನ್ನು ತಿಂಗಳುಗಟ್ಟಲೆ ಇಡಬಹುದು. ಒಂದು ಕೆ.ಜಿ. ಪೌಡರಿಗೆ ಕೆನೆ ತೆಗೆದ ಹಾಲು ಸುಮಾರು 11 ಲೀಟರ್ ಬೇಕು. ಲೆಕ್ಕ ಹಾಕಿ ನೋಡಿ: ಪೌಡರ್ ಬೆಲೆ ಕೆ.ಜಿ.ಗೆ 100 ರೂಪಾಯಿ ಬಿದ್ದರೆ, ಪೌಡರಿಗೆ ಹೋದ ಪ್ರತಿ ಲೀಟರಿನ ಮೇಲೆ 9 ರೂಪಾಯಿ ಹೋದಂತೆ. ಹೊರದೇಶದಲ್ಲಿ ಬೆಲೆ ಚೆನ್ನಾಗಿದ್ದಾಗ ನಮ್ಮ ದೇಶದ ಪೌಡರ್ ಅಲ್ಲಿಗೂ ಹೋಗುತ್ತದೆ. ಅಲ್ಲಿ ಬಿದ್ದಾಗ ರಫ್ತು ನಿಂತು ಗೋದಾಮಿನಲ್ಲಿ ಚೀಲಗಳು ಉಳಿಯುತ್ತವೆ, ಒಕ್ಕೂಟದ ಹಣವೂ ಅಲ್ಲೇ ಕೂರುತ್ತದೆ.

ಹೊರಗಿನ ಪೌಡರ್ ಒಳಗೇ ಬಂದುಬಿಟ್ಟರೆ ಏನಾಗುತ್ತದೆ? ಇದಕ್ಕೆ ಜಮೈಕಾ ದೇಶವನ್ನು ನೋಡಬೇಕು.

ಜಮೈಕಾ ಅಮೆರಿಕದ ದಕ್ಷಿಣಕ್ಕೆ ಸಮುದ್ರದ ನಡುವೆ ಇರುವ ಸಣ್ಣ ದ್ವೀಪ. ಕ್ರಿಕೆಟ್ ನೋಡುವ ಮನೆಗಳಲ್ಲಿ ಹೆಸರು ಕೇಳಿರುತ್ತಾರೆ. ಹೈನುಗಾರಿಕೆಯಲ್ಲಿ ಅವರು ಹಿಂದೆ ಬಿದ್ದವರಲ್ಲ. ಟಿ.ಪಿ. ಲೆಕಿ ಎಂಬ ಅಲ್ಲಿನ ವಿಜ್ಞಾನಿ ಬಿಸಿಲು, ಉಣ್ಣೆ ತಡೆದುಕೊಂಡು ಹಾಲು ಕೊಡುವ 'ಜಮೈಕಾ ಹೋಪ್' ಎಂಬ ತಳಿಯನ್ನೇ ರೂಪಿಸಿದರು. ಅದರಲ್ಲಿ ಹೆಚ್ಚಿನ ಪಾಲು ಜರ್ಸಿ, ಜೊತೆಗೆ ನಮ್ಮ ಪಂಜಾಬ್ ಸೀಮೆಯ ಸಾಹಿವಾಲ್ ರಕ್ತ. ಅಂದರೆ ಅಲ್ಲಿನ ಹಸುಗಳು ನಮಗೆ ದೂರದ ನೆಂಟರೇ!

ದೇಶಕ್ಕೆ ಸಾಲ ಮಾತ್ರ ಬಹಳ ಇತ್ತು. ಸಾಲ ಕೊಟ್ಟ ವಿಶ್ವಬ್ಯಾಂಕಿನಂಥ ಸಂಸ್ಥೆಗಳು ಮಾರುಕಟ್ಟೆ ತೆರೆಯಿರಿ ಎಂದು ಷರತ್ತು ಹಾಕಿದವು. 1992ರಲ್ಲಿ ಹಾಲಿನ ಪೌಡರಿನ ಆಮದಿಗೆ ಇದ್ದ ತಡೆಗಳನ್ನು ತೆಗೆದರು, ಸ್ಥಳೀಯ ಹೈನುಗಾರರಿಗೆ ಇದ್ದ ನೆರವನ್ನೂ ನಿಲ್ಲಿಸಿದರು. ಅಗ್ಗದ ಪೌಡರ್ ಹಡಗಿನಲ್ಲಿ ಬಂದಿಳಿಯಿತು. ಕಾರ್ಖಾನೆಯವರು ಲೆಕ್ಕ ನೋಡಿದರು: ಊರೂರು ಸುತ್ತಿ ಹಾಲು ಕೂಡಿಸಿ, ತಣ್ಣಗಿಟ್ಟು ತರುವುದಕ್ಕಿಂತ ಚೀಲ ಬಿಚ್ಚಿ ನೀರು ಬೆರೆಸುವುದೇ ಲಾಭ. ರೈತರ ಹಾಲು ಕೊಳ್ಳುವುದು ಕಡಿಮೆಯಾಯಿತು. ಕರೆದ ಹಾಲನ್ನು ರೈತರು ನೆಲಕ್ಕೆ ಸುರಿದರು. ಕರೆಯುವ ಹಸುಗಳನ್ನೇ ಕಸಾಯಿಖಾನೆಗೆ ಕಳಿಸಿದರು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 3.8 ಕೋಟಿ ಲೀಟರ್ ಇದ್ದ ಉತ್ಪಾದನೆ ಮುಂದೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪೇಟೆಯವರಿಗೆ ಅಗ್ಗದ ಪೌಡರ್ ಸಿಕ್ಕಿತು, ಅದನ್ನು ಇಲ್ಲವೆನ್ನಲಾಗದು. ಆದರೆ ಮಾರಿದ ಹಸುವನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಕರು ಕರೆಯುವ ಹಸುವಾಗಲು ಎರಡೂವರೆ, ಮೂರು ವರ್ಷ ಬೇಕು.

ಆ ಪೌಡರ್ ಅಷ್ಟು ಅಗ್ಗ ಹೇಗೆ? ಯುರೋಪಿನ ಸರ್ಕಾರಗಳು ತಮ್ಮ ರೈತರಿಗೆ ಒಳ್ಳೆಯ ದರ ಸಿಗಲೆಂದು ಹೆಚ್ಚಾದ ಬೆಣ್ಣೆ, ಪೌಡರನ್ನು ತಾವೇ ಕೊಳ್ಳುತ್ತಿದ್ದವು. ಗೋದಾಮು ತುಂಬಿತು. ಖಾಲಿ ಮಾಡಲು, ಹೊರದೇಶಕ್ಕೆ ಕಡಿಮೆ ಬೆಲೆಗೆ ಮಾರುವ ವ್ಯಾಪಾರಿಗೆ ವ್ಯತ್ಯಾಸದ ಹಣವನ್ನು ಸರ್ಕಾರದಿಂದಲೇ ಕೊಟ್ಟರು. ಶ್ರೀಮಂತ ದೇಶದ ಖಜಾನೆಯ ಎದುರು ಬಡ ದೇಶದ ಹೈನುಗಾರ ಪೈಪೋಟಿ ಮಾಡಬೇಕಾಯಿತು. ಇದನ್ನು ಮುಕ್ತ ವ್ಯಾಪಾರ ಎಂದು ಕರೆದದ್ದು ನನಗಂತೂ ಸರಿ ಕಾಣುವುದಿಲ್ಲ.

ಇದೇ ಯುರೋಪಿನ ಪೌಡರ್ ನಮ್ಮ ದೇಶಕ್ಕೂ ಬಂದಿತ್ತು. 1970ರಲ್ಲಿ ಶುರುವಾದ ಕ್ಷೀರಧಾರೆ ಯೋಜನೆಯ, ಅಂದರೆ ಆಪರೇಷನ್ ಫ್ಲಡ್‌ನ ಮೊದಲ ಹಂತಕ್ಕೆ 1,26,000 ಟನ್ ಪೌಡರ್ ಮತ್ತು 42,000 ಟನ್ ಬೆಣ್ಣೆ ಎಣ್ಣೆ ದಾನವಾಗಿ ನಿಗದಿಯಾಯಿತು. ಪುಕ್ಕಟೆ ಬಂದದ್ದನ್ನು ಪುಕ್ಕಟೆ ಹಂಚಿದ್ದರೆ ನಮ್ಮ ಹಳ್ಳಿಯ ಹಾಲನ್ನು ಯಾರೂ ಕೇಳುತ್ತಿರಲಿಲ್ಲ. ಡಾ. ವರ್ಗೀಸ್ ಕುರಿಯನ್ ಮತ್ತು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಹಾಗೆ ಮಾಡಲಿಲ್ಲ. ಅದನ್ನು ಹಾಲು ಮಾಡಿ ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸಿನಲ್ಲಿ ಬೆಲೆ ಕಟ್ಟಿ ಮಾರಿದರು. ಬಂದ ಹಣವನ್ನು ಡೇರಿ, ಶೀತಲ ಕೇಂದ್ರ, ಹಳ್ಳಿಯ ಸಂಘಗಳಿಗೆ ಹಾಕಿದರು. ದಾನದ ಪೌಡರಿನಿಂದ ರೈತರ ದರ ಕುಗ್ಗುತ್ತದೆ ಎಂದು ಆಗಲೂ ಟೀಕಿಸಿದವರಿದ್ದರು, ಆ ಭಯ ಸುಳ್ಳೇನಲ್ಲ. ಆದರೆ ಎಷ್ಟು, ಯಾವ ಬೆಲೆಗೆ ಎನ್ನುವ ತೀರ್ಮಾನ ನಮ್ಮವರ ಕೈಯಲ್ಲಿತ್ತು. ಕರ್ನಾಟಕದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮ ಹುಟ್ಟಿದ್ದು ವಿಶ್ವಬ್ಯಾಂಕಿನ ಸಾಲದಿಂದಲೇ. ಒಂದೇ ಬ್ಯಾಂಕು ಇಲ್ಲಿ ಸಂಘ ಕಟ್ಟಲು ಹಣ ಕೊಟ್ಟಿತು, ಅಲ್ಲಿ ಬಾಗಿಲು ತೆರೆಸಿತು.

ಶ್ರೀಮಂತ ದೇಶದ ರೈತರೆಲ್ಲ ಸುಖವಾಗಿದ್ದಾರೆ ಎಂದೂ ತಿಳಿಯಬೇಡಿ. 2009ರಲ್ಲಿ ದರ ಕುಸಿದಾಗ ಬೆಲ್ಜಿಯಂನ ರೈತರು ಟ್ಯಾಂಕರುಗಟ್ಟಲೆ ಹಾಲನ್ನು ಹೊಲಕ್ಕೆ ಸುರಿದರು. ನ್ಯೂಜಿಲೆಂಡಿನಲ್ಲಿ 1984ರಿಂದಲೇ ಸರ್ಕಾರದ ನೆರವು ತೆಗೆದರು. ಅಲ್ಲಿ ಈಗ ಒಂದೊಂದು ಮಂದೆಯಲ್ಲಿ ನೂರಾರು ಹಸು, ಹಾಲಿನಲ್ಲಿ ಬಹುಪಾಲು ರಫ್ತಿಗೆ. ಅವರ ದೊಡ್ಡ ಕಂಪನಿ ಫಾಂಟೆರಾ ಕೂಡ ನಮ್ಮದರಂತೆ ರೈತರ ಸಹಕಾರಿಯೇ. ಆದರೆ ಎರಡು ಹಸುವಿನ ಮನೆ ಅಂಥ ಮಂದೆಯ ಜೊತೆ ದರದಲ್ಲಿ ಸೆಣಸಲಾರದು.

ಅದಕ್ಕೇ ಸುಂಕದ ಮಾತು ಮುಖ್ಯ. ಒಂದು ಕಾಲಕ್ಕೆ ಹಾಲಿನ ಪೌಡರಿಗೆ ಸುಂಕ ಹಾಕುವುದಿಲ್ಲವೆಂದು ಭಾರತ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. 2000ದ ಹೊತ್ತಿಗೆ ಮತ್ತೆ ಮಾತುಕತೆ ನಡೆಸಿ ಅದನ್ನು ಬದಲಿಸಿಕೊಂಡಿತು: ವರ್ಷಕ್ಕೆ 10,000 ಟನ್‌ವರೆಗೆ ಶೇ. 15, ಅದಕ್ಕಿಂತ ಹೆಚ್ಚಿಗೆ ಬಂದರೆ ಶೇ. 60. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಇದ್ದ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದಕ್ಕೆ ಸೇರುವುದಿಲ್ಲವೆಂದು 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹೇಳಿತು. ಆಗ ಹೈನುಗಾರರ ವಿರೋಧವೂ ದೊಡ್ಡದಾಗಿತ್ತು.

ಸುಂಕ ಹೊರಗಿನ ಪೌಡರನ್ನು ತಡೆಯುತ್ತದೆ, ನಮ್ಮ ಗೋದಾಮಿನಲ್ಲಿ ಉಳಿದದ್ದನ್ನು ಮಾರಿಕೊಡುವುದಿಲ್ಲ. ಮುಂದಿನ ವಾರ್ಷಿಕ ಮಹಾಸಭೆಗೆ ಹೋದಾಗ ವರದಿಯನ್ನು ಮಡಚಿ ಚೀಲಕ್ಕೆ ಹಾಕಬೇಡಿ. ಒಕ್ಕೂಟಕ್ಕೆ ಬಂದ ಹಾಲಿನಲ್ಲಿ ಎಷ್ಟು ಪೌಡರಿಗೆ ಹೋಯಿತು, ಕೆ.ಜಿ.ಗೆ ಎಷ್ಟು ಖರ್ಚು ಬಿತ್ತು, ಎಷ್ಟಕ್ಕೆ ಮಾರಿದರು, ಎಷ್ಟು ಉಳಿದಿದೆ ಎಂದು ಕೇಳಿ. ಓದಲು ಬಾರದಿದ್ದರೆ ಮಗಳಿಂದ ಓದಿಸಿಕೊಂಡು ಹೋಗಿ. ಸದಸ್ಯರ ಪುಸ್ತಕ ಇರುವುದು ನಿಮ್ಮ ಹೆಸರಿನಲ್ಲಿ, ಪ್ರಶ್ನೆಯನ್ನೂ ನೀವೇ ಎದ್ದು ನಿಂತು ಕೇಳಿ.