ದೊಡ್ಡ ದವಾಖಾನೆಯಲ್ಲಿ ನಮ್ಮ ಮಕ್ಕಳಿಗೆ ಯಾವ ಕೆಲಸ?



ಪುಣೆ ಸ್ಟೇಶನ್ನಿನಲ್ಲಿ ಇಳಿದು ಬಂದ ನಮ್ಮವರಿಗೆ ಸಸೂನ್ ದವಾಖಾನೆ ಹೊಸದಲ್ಲ. ಜ್ವರ ಬಂದರೂ ಅಲ್ಲಿಗೆ, ಕೈಕಾಲು ಮುರಿದರೂ ಅಲ್ಲಿಗೆ. ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವ ನಾವು, ಒಳಗೆ ಕೆಲಸ ಮಾಡುವವರು ಆ ಕೆಲಸಕ್ಕೆ ಹೇಗೆ ಸೇರಿದರೆಂದು ವಿಚಾರಿಸುವುದಿಲ್ಲ. ಈ ಸಲದ ಪಾಠ ಅದನ್ನು ಕುರಿತದ್ದು.

ಡೇವಿಡ್ ಸಸೂನ್ ಎಂಬ ಯಹೂದಿ ವರ್ತಕರ ದಾನದಿಂದ ಈ ದವಾಖಾನೆ 1867ರಲ್ಲಿ ಆಯಿತು. ಇದಕ್ಕೆ ಸೇರಿದ ಬೈರಾಮಜಿ ಜೀಜೀಭಾಯ್ ವೈದ್ಯಕೀಯ ಕಾಲೇಜು 1946ರಿಂದ ನಡೆದಿದೆ. ಇಲ್ಲಿ ರೋಗಿಗೆ ಚಿಕಿತ್ಸೆ, ವಿದ್ಯಾರ್ಥಿಗೆ ಪಾಠ, ಎರಡೂ ಒಂದೇ ಮಂಚದ ಬಳಿ ನಡೆಯುತ್ತವೆ.

1924ರ ಜನವರಿ 12ರ ರಾತ್ರಿ, ಯರವಡಾ ಸೆರೆಮನೆಯಿಂದ ತಂದ ಗಾಂಧೀಜಿಯವರಿಗೆ ಕರ್ನಲ್ ಮ್ಯಾಡಕ್ ಇಲ್ಲಿಯೇ ಅಪೆಂಡಿಸೈಟಿಸ್ ಶಸ್ತ್ರಕ್ರಿಯೆ ಮಾಡಿದರು. ನಡುವೆ ವಿದ್ಯುತ್ತು ಹೋಯಿತು. ನರ್ಸ್ ಹಿಡಿದಿದ್ದ ಟಾರ್ಚೂ ಆರಿತು. ಕಂದೀಲಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ಚಾಕು ಹಿಡಿದವರಷ್ಟೇ ದೀಪ ಹಿಡಿದವರೂ ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಳಗೆ ಹೋಗಲು ಎರಡು ದಾರಿಗಳಿವೆ.

ಮೊದಲನೆಯದು ಅಧ್ಯಾಪಕರ ದಾರಿ. 12ನೆಯ ತರಗತಿಯ ನಂತರ ನೀಟ್ ಪರೀಕ್ಷೆ; ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ; ಸೀನಿಯರ್ ರೆಸಿಡೆಂಟ್ ಆಗಿ ಒಂದು ವರ್ಷ. ಆಮೇಲೆ ಸಹಾಯಕ ಪ್ರಾಧ್ಯಾಪಕನಾಗಲು ಅರ್ಹತೆ. ಅಲ್ಲಿಂದ ನಾಲ್ಕು ವರ್ಷಕ್ಕೆ ಸಹ ಪ್ರಾಧ್ಯಾಪಕ, ಮತ್ತೆ ಮೂರು ವರ್ಷಕ್ಕೆ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ನಡುವೆ ಸಂಶೋಧನ ಲೇಖನಗಳೂ ಅಚ್ಚಾಗಬೇಕು. ಎಲ್ಲಕ್ಕೂ ಮೇಲೆ ಡೀನ್; ಮರಾಠಿ ಫಲಕದಲ್ಲಿ ‘ಅಧಿಷ್ಠಾತಾ’.

ಎರಡನೆಯದು ಸಿಬ್ಬಂದಿಯ ದಾರಿ. ಜಿ.ಎನ್.ಎಂ. ನರ್ಸಿಂಗ್ ಮೂರು ವರ್ಷ, ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷ. ವಿಜ್ಞಾನ ಓದಿದವರಿಗೆ ಎರಡು ವರ್ಷದ ಡಿ.ಫಾರ್ಮಸಿ. ರಕ್ತ ತಪಾಸಣೆ, ಎಕ್ಸ್-ರೇ ಕೆಲಸಕ್ಕೂ ಬೇರೆ ತರಬೇತಿಗಳಿವೆ. ನರ್ಸ್ ಮತ್ತು ಫಾರ್ಮಾಸಿಸ್ಟ್ ಆದವರು ತಮ್ಮ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಲೇಬೇಕು. ಕಾರಕೂನರು, ವಾರ್ಡಿನ ಆಳುಗಳು, ಆಯಾಗಳು ಕೂಡ ಈ ದಾರಿಯವರೇ.

ಈಗ ಮುಖ್ಯ ಮಾತು. ನನ್ನ ಅಕ್ಕನ ಮಗಳು ಜಿ.ಎನ್.ಎಂ. ಮುಗಿಸಿದಳು. ಸರಕಾರಿ ಜಾಹೀರಾತು ಬಂತು. ಮಹಾರಾಷ್ಟ್ರದ ವಾಸ ಪ್ರಮಾಣಪತ್ರ, ಅಂದರೆ ಡೊಮಿಸೈಲ್, ಕೇಳಿದರು. ಅದಕ್ಕೆ ಸಾಮಾನ್ಯವಾಗಿ 15 ವರ್ಷದ ವಾಸಕ್ಕೆ ಪುರಾವೆ ಬೇಕು. ಮಾವನವರು ಇಪ್ಪತ್ತು ವರ್ಷ ಇಲ್ಲಿಯೇ ದುಡಿದವರು. ಆದರೆ ಆರು ಖೋಲಿ ಬದಲಿಸಿದ್ದರು, ಯಾವ ಮಾಲೀಕನೂ ಬಾಡಿಗೆ ಪಾವತಿ ಕೊಟ್ಟಿರಲಿಲ್ಲ. ಶಾಲೆಯ ದಾಖಲೆ, ರೇಶನ್ ಕಾರ್ಡು ಕೂಡಿಸುವಷ್ಟರಲ್ಲಿ ಅರ್ಜಿಯ ದಿನ ದಾಟಿತು. ಹುಡುಗಿ ಅಂದು ಊಟ ಮಾಡಲಿಲ್ಲ. ನಾನು ದಿನವೂ ಗಿರಣಿಯಲ್ಲಿ ನೂರಾರು ಜನರ ಕಾಗದ ಜೋಡಿಸುವವನು; ನಮ್ಮ ಮನೆಯ ಕಾಗದ ನೋಡಿರಲಿಲ್ಲ.

ಆದ್ದರಿಂದ ಈ ಪಾಠದ ಅಭ್ಯಾಸ ಇಷ್ಟೇ. ಇಂದು ರಾತ್ರಿ ಟ್ರಂಕು ತೆಗೆಯಿರಿ. ಜನನ ದಾಖಲೆ, ಶಾಲೆ ಬಿಟ್ಟ ದಾಖಲೆ, ರೇಶನ್ ಕಾರ್ಡು, ವಿದ್ಯುತ್ ಬಿಲ್ಲುಗಳನ್ನು ವರ್ಷವಾರು ಜೋಡಿಸಿರಿ. ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಪ್ರಮಾಣಪತ್ರದ ವಿಚಾರ ಮಾಡಿರಿ. ಮರಾಠಿ ಓದು-ಬರಹವನ್ನು ಕಲಿಸಿರಿ. ಅದರಿಂದ ಕನ್ನಡಕ್ಕೆ ಕುಂದಿಲ್ಲ. ಹಣ ಕೊಟ್ಟರೆ ನೌಕರಿ ಕೊಡಿಸುತ್ತೇನೆನ್ನುವವನಿಗೆ ಬಾಗಿಲು ತೋರಿಸಿರಿ.

ಅರ್ಜಿ ತುಂಬಲು ತೊಡಕಾದರೆ ವಾಚನಾಲಯಕ್ಕೆ ಬನ್ನಿರಿ. ಕೂಡಿ ಕುಳಿತು ತುಂಬೋಣ.