ಲೇಸರ್ ಪ್ರಿಂಟರಿನ ದೋಷಪರೀಕ್ಷೆ

ಹೊಸಪೇಟೆಯು 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಅಲ್ಲಿಯ ಕಚೇರಿಗಳಲ್ಲಾಗಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಾಗಲಿ, ಸಂಡೂರು ಕಂಪ್ಲಿಗಳ ಅಂಗಡಿಗಳಲ್ಲಾಗಲಿ ಲೇಸರ್ ಪ್ರಿಂಟರು ಇಂದು ಚಿರಪರಿಚಿತವಾದ ಯಂತ್ರ. ಪಹಣಿಯಲ್ಲಿ ಒಂದು ಅಂಕಿ ಅಳಿಸಿಹೋದರೆ ರೈತನಿಗೆ ಮತ್ತೊಂದು ದಿನದ ಅಲೆದಾಟ. ಆದರೂ ಮುದ್ರಣ ಕೆಟ್ಟೊಡನೆ ಕಾರಣವನ್ನು ಶೋಧಿಸದೆ ಬೆಲೆಬಾಳುವ ಕಾರ್ಟ್ರಿಜನ್ನೇ ಎಸೆದುಬಿಡುವುದುಂಟು. ಯಂತ್ರದ ಕ್ರಮವನ್ನು ಬಲ್ಲವನಿಗೆ ಕೆಟ್ಟ ಹಾಳೆಯೇ ದೋಷದ ನೆಲೆಯನ್ನು ತೋರಿಸಿಕೊಡುತ್ತದೆ.

ತತ್ತ್ವ

ಚೆಸ್ಟರ್ ಕಾರ್ಲ್‌ಸನ್ ಎಂಬಾತನು 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನಲ್ಲಿ, ಗಂಧಕ ಲೇಪಿಸಿದ ಸತುವಿನ ತಗಡಿನ ಮೇಲೆ ಸ್ಥಿರವಿದ್ಯುತ್ತಿನಿಂದ ಪ್ರತಿಯೊಂದನ್ನು ಮೂಡಿಸಿದನು. ಲೇಸರ್ ಪ್ರಿಂಟರಿಗೂ ಆಧಾರ ಅದೇ. ಇದರಲ್ಲಿ ಒಂದು ಉರುಳೆಯಿದೆ. ಕತ್ತಲೆಯಲ್ಲಿ ಅದರ ಮೈಗೆ ಋಣವಿದ್ಯುದಾವೇಶವನ್ನು ಕೊಡುತ್ತಾರೆ. ಲೇಸರ್ ಕಿರಣ ಬಿದ್ದೆಡೆಯಲ್ಲಿ ಆವೇಶ ಸೋರಿಹೋಗಿ, ಕಣ್ಣಿಗೆ ಕಾಣದ ಅಕ್ಷರ ಮೂಡುತ್ತದೆ. ಋಣಾವೇಶವುಳ್ಳ ಟೋನರ್ ಪುಡಿ ಅಲ್ಲಿಗೆ ಅಂಟುತ್ತದೆ. ಕಾಗದದ ಹಿಂಬದಿಯ ಧನಾವೇಶವು ಪುಡಿಯನ್ನು ಕಾಗದಕ್ಕೆ ಸೆಳೆಯುತ್ತದೆ. ಕೊನೆಗೆ ಸುಮಾರು 200° ಸೆಂಟಿಗ್ರೇಡ್ ಬಿಸಿಯ ರೋಲರು ಪುಡಿಯನ್ನು ಕರಗಿಸಿ ಕಾಗದದಲ್ಲಿ ನೆಲೆಗೊಳಿಸುತ್ತದೆ.

ಚಿಹ್ನೆಗಳು

ಬೆರಳಿನಿಂದ ಉಜ್ಜಿದಾಗ ಅಕ್ಷರ ಅಳಿಸಿಹೋದರೆ ದೋಷ ಟೋನರಿನದಲ್ಲ. ಬಿಸಿ ಸಾಲದು, ಅಥವಾ ಕಾಗದ ಯಂತ್ರದ ಮಿತಿಗಿಂತ ದಪ್ಪ. ಉದ್ದಕ್ಕೆ ಬಿಳಿಯ ಗೆರೆ ಬಂದರೆ ಕಿರಣದ ದಾರಿಯ ಗಾಜಿನ ಮೇಲೆ ಧೂಳು ಕುಳಿತಿರಬಹುದು. ಕಬ್ಬಿಣದ ಅದುರಿನ ಗಣಿಗಳುಳ್ಳ ಸಂಡೂರಿನಲ್ಲಿ ಇದನ್ನು ಮೊದಲು ಶಂಕಿಸುವುದು ಯುಕ್ತ. ಗಡುಸಾದ ಅದುರಿನ ಕಣವು ಉರುಳೆಯ ಮೈಯನ್ನು ಗೀಚಿದರೆ ಬಿಳಿಗೆರೆಯ ಬದಲು ಕಪ್ಪುಗೆರೆ ಬರುತ್ತದೆ. ಅದು ಒರೆಸಿದರೆ ಹೋಗದು. ಅದೇ ಧೂಳು ಹಾಳೆ ಎಳೆಯುವ ರಬ್ಬರ್ ರೋಲರಿಗೆ ಹತ್ತಿದರೆ ಹಿಡಿತ ತಪ್ಪಿ ಹಾಳೆ ಒಳಕ್ಕೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದ ರೋಲರನ್ನು ಒರೆಸಿ, ಒಣಗಲು ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕಂಪ್ಲಿಯಂತಹ ಹೊಳೆದಂಡೆಯ ಊರಿನಲ್ಲಿ ಮಳೆಗಾಲದ ತೊಂದರೆ ಬೇರೆ. ತೇವ ಹೀರಿದ ಕಾಗದದಲ್ಲಿ ಆವೇಶವು ಸೋರಿಹೋಗುವುದರಿಂದ ಪುಡಿ ಪೂರ್ಣವಾಗಿ ಇಳಿಯದೆ ಅಕ್ಷರ ಮಸುಕಾಗುತ್ತದೆ. ಹಾಳೆ ಸುರುಳಿಯಾಗಿ ಸಿಕ್ಕಿಬೀಳುವುದೂ ಉಂಟು. ಕಟ್ಟು ಒಡೆದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಇದಕ್ಕೆ ಮದ್ದು. ಹೊಸ, ಒಣಗಿದ ಕಾಗದದಲ್ಲಿಯೂ ಮಸುಕು ಉಳಿದರೆ ಮಾತ್ರ ಟೋನರ್ ಮುಗಿಯಿತೆಂದು ಸಂಶಯಪಡಬೇಕು.

ಒಂದೇ ಚುಕ್ಕೆ ಸಮದೂರದಲ್ಲಿ ಮತ್ತೆ ಮತ್ತೆ ಬಂದರೆ ಅಳತೆಪಟ್ಟಿಯನ್ನು ತೆಗೆದುಕೊಳ್ಳಿ. ಯಾವುದೋ ಒಂದು ರೋಲರಿನ ಕಲೆ ಪ್ರತಿ ಸುತ್ತಿಗೂ ಅಚ್ಚಾಗುತ್ತಿದೆ. ಆದ್ದರಿಂದ ಚುಕ್ಕೆಗಳ ಅಂತರವು ಅದರ ಪರಿಧಿಗೆ ಸಮ. ಅಂತರ 94 ಮಿಲಿಮೀಟರ್ ಆದರೆ, 3.14ರಿಂದ ಭಾಗಿಸಿದಾಗ ವ್ಯಾಸ ಸುಮಾರು 30 ಮಿಲಿಮೀಟರ್ ಎಂದಾಯಿತು. ಆ ಅಳತೆಯ ಉರುಳೆ ಯಂತ್ರದಲ್ಲಿದ್ದರೆ ಅಪರಾಧಿ ಅದೇ.

ಅರ್ಧದಾರಿಯ ಪರೀಕ್ಷೆ

ಹಾಳೆ ಅರ್ಧ ದಾರಿಯಲ್ಲಿರುವಾಗ ಮುಚ್ಚಳವನ್ನು ತೆರೆದು ಯಂತ್ರವನ್ನು ನಿಲ್ಲಿಸಿ, ಉರುಳೆಯನ್ನು ನೋಡಿರಿ. ಅದರ ಮೇಲೆ ಅಕ್ಷರ ಸ್ಪಷ್ಟವಾಗಿದ್ದರೆ ದೋಷವು ಮುಂದಿನ ಹಂತಗಳಲ್ಲಿದೆ. ಅಲ್ಲಿಯೇ ಕೆಟ್ಟಿದ್ದರೆ ಹಿಂದಿನವುಗಳಲ್ಲಿ. ಹೀಗೆ ಒಂದೇ ನೋಟಕ್ಕೆ ಅರ್ಧ ಯಂತ್ರ ನಿರ್ದೋಷಿಯಾಗುತ್ತದೆ.

ಎಚ್ಚರಿಕೆ ಅಗತ್ಯ. ಬಿಸಿ ರೋಲರು ಚರ್ಮವನ್ನು ಸುಟ್ಟೀತು. ಒಳಗೆ ಕೈಹಾಕುವ ಮೊದಲು ವಿದ್ಯುತ್ತನ್ನು ತಪ್ಪಿಸಿ, ಯಂತ್ರ ಆರುವವರೆಗೆ ಕಾಯಿರಿ. ಉರುಳೆಯನ್ನು ಮುಟ್ಟಬಾರದು, ಬಿಸಿಲಿಗೆ ಒಡ್ಡಬಾರದು. ಚೆಲ್ಲಿದ ಟೋನರನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಿನಲ್ಲಿಯೇ ತೊಳೆಯಬೇಕು. ಬಿಸಿಗೆ ಪುಡಿ ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ಅಭ್ಯಾಸ

ಹಾಳೆಯೊಂದರಲ್ಲಿ 75 ಮಿಲಿಮೀಟರಿಗೊಮ್ಮೆ ಕಪ್ಪು ಚುಕ್ಕೆ ಬರುತ್ತಿದೆ. ಕಲೆಯಿರುವ ಉರುಳೆಯ ವ್ಯಾಸವೆಷ್ಟು? 297 ಮಿಲಿಮೀಟರ್ ಉದ್ದದ ಹಾಳೆಯಲ್ಲಿ ಹೆಚ್ಚೆಂದರೆ ಎಷ್ಟು ಚುಕ್ಕೆಗಳು ಕಾಣಬಹುದು?